ಬಾಗಿಲು ನೆಟ್ಟಗಾದದ್ದೇ ತಪ್ಪಾಯಿತು

ಡೆಂಟಿಂಗ್ ಕಲಿಯಲು ಹೊರಟವರೆಲ್ಲ ಮೊದಲು ಕೇಳುವುದು ಸುತ್ತಿಗೆಯ ಬಗ್ಗೆ. ಯಾವ ಸುತ್ತಿಗೆ ತೆಗೆದುಕೊಳ್ಳಲಿ, ಎಷ್ಟು ಭಾರದ್ದು, ಯಾವ ದೇಶದ್ದು ಒಳ್ಳೆಯದು ಎಂದು. ಸುತ್ತಿಗೆ ಆಮೇಲೆ ನೋಡುವ, ಮೊದಲು ಅಂಗೈ ತಯಾರು ಮಾಡಿಕೊಳ್ಳಿ ಎನ್ನುತ್ತೇನೆ ನಾನು. ಹಳೆಯ ಬನಿಯನ್ನಿನ ತುಂಡೊಂದನ್ನು ಕೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಕಾರಿನ ಮೈಮೇಲೆ ನಿಧಾನವಾಗಿ ಎಳೆಯಿರಿ. ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂಬುದು ಅಂಗೈಗೆ ತಿಳಿಯುತ್ತದೆ. ಕಣ್ಣಿಗಾದರೆ ಬಣ್ಣದ ಹೊಳಪು ಅಡ್ಡ ಬರುತ್ತದೆ. ಇದು ಬರಲು ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಬಾರದವರು ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚುವುದರಲ್ಲಿ ನಿಸ್ಸೀಮರಾಗುತ್ತಾರೆ.

ನನ್ನ ಹೆಸರು ಸದಾಶಿವ, ಕಿನ್ನಿಗೋಳಿ ಕಡೆಯವನು. ದುಡಿಮೆಯ ಹೆಚ್ಚಿನ ಕಾಲ ಕತಾರಿನಲ್ಲಿ ಡೆಂಟರ್ ಆಗಿದ್ದೆ. ಗುದ್ದಿಸಿಕೊಂಡು ನೆಗ್ಗಿದ ಕಾರಿನ ತಗಡನ್ನು ಬಡಿದು ಮೊದಲಿನಂತೆ ಮಾಡುವ ಕೆಲಸ. ನನಗೆ ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕೆಲಸದ ವಿಷಯದಲ್ಲಿ ಜಂಬವೂ ಇದೆ. ಹೆಲ್ಪರ್ ಆಗಿದ್ದವನು ಫೋರ್‌ಮನ್ ಆದ ಕಥೆಯನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಲಾಭವಿಲ್ಲ, ನನಗೂ ಬೇಸರ.

ನಮ್ಮ ಗರಾಜು ಇದ್ದದ್ದು ದೋಹಾದ ಹೊರಗಿನ ಸನಯ್ಯದಲ್ಲಿ, ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನಾವು ಉಳಿದುಕೊಂಡಿದ್ದದ್ದು ಅಲ್ ಮುಂತಜಾದ ಒಂದು ಹಳೆಯ ಕಟ್ಟಡದಲ್ಲಿ. ನನ್ನ ರೂಮಿನಲ್ಲೇ ಇದ್ದವರು ಗರಾಜಿನ ಪೈಂಟರ್ ಹಮೀದಾಕ. ಉಳ್ಳಾಲದ ಬ್ಯಾರಿ, ನನಗಿಂತ ಹಿರಿಯರು, ಸ್ಪ್ರೇ ಗನ್ ಹಿಡಿದರೆ ಉಸಿರು ಬಿಡುವುದನ್ನೂ ಮರೆಯುವ ಮನುಷ್ಯ. ಮ್ಯಾನೇಜರ್ ಲ್ಯಾನ್ಸಿ ಪೊರ್ಬುಗಳು ಬಜ್ಪೆಯ ಕ್ರಿಶ್ಚಿಯನ್ನರು, ಅವರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಎಂದೇ ಕರೆಯುವುದು. ನಾವು ಮೂವರೂ ಮಾತಾಡುತ್ತಿದ್ದದ್ದು ತುಳುವಿನಲ್ಲೇ. ಓದುವವರಿಗೆ ಸುಲಭವಾಗಲೆಂದು ನಮ್ಮ ಊರಿನ ಕನ್ನಡಕ್ಕೆ ತಂದಿದ್ದೇನೆ.

ಪೊರ್ಬುಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಅಂಥ ಮ್ಯಾನೇಜರ್ ನಿಮಗೆ ಸಿಕ್ಕಿದರೆ ಬಿಡಬೇಡಿ. ಅವರ ಕೈಯಲ್ಲಿ ಯಾವಾಗಲೂ ಉದ್ದದ ವಯರು ಸಿಕ್ಕಿಸಿದ ಒಂದು ಟ್ಯೂಬ್‌ಲೈಟು. ಮುಗಿದ ಕಾರಿನ ಪಕ್ಕ ಅದನ್ನು ಹಿಡಿದು ನಡೆಯುತ್ತಿದ್ದರು. ತಗಡು ಸಮನಾಗಿದ್ದರೆ ಲೈಟಿನ ಪ್ರತಿಬಿಂಬ ಗೆರೆ ಎಳೆದ ಹಾಗೆ ಸಾಗುತ್ತದೆ, ಇಲ್ಲದಿದ್ದರೆ ಕುಣಿಯುತ್ತದೆ. ಕುಣಿಯಿತೋ, "ಸದಾಶಿವ, ಈ ಕಾರು ನಿನ್ನನ್ನು ನೋಡಿ ನಗಾಡ್ತಾ ಉಂಟು ಮಾರಾಯ, ಹೋಗಿ ಮಾತಾಡಿಸು" ಎನ್ನುತ್ತಿದ್ದರು. ಬೈಗುಳ ಅಷ್ಟೇ, ಆದರೆ ಇಡೀ ಗರಾಜು ಕೇಳುವ ಹಾಗೆ.

ತಮಾಷೆಗಳಿಗೇನೂ ಕಡಿಮೆಯಿರಲಿಲ್ಲ. ಒಮ್ಮೆ ಹಮೀದಾಕ ದೊಡ್ಡದೊಂದು ಬಿಳಿ ಗಾಡಿಗೆ ಕೊನೆಯ ಕೋಟು ಹೊಡೆದು, ಬಣ್ಣ ಹೊಡೆಯುವ ಬೂತಿನ ಬಾಗಿಲು ತೆರೆದು ಚಾ ಕುಡಿಯಲು ಹೋದರು. ಅಷ್ಟರಲ್ಲೇ ಮರಳುಗಾಳಿ ಎದ್ದಿತು. ಬಂದು ನೋಡಿದರೆ ಬೋನೆಟ್ಟು ಉಪ್ಪುಕಾಗದದಂತೆ ದೊರಗಾಗಿದೆ! ಗಾಡಿಯ ಯಜಮಾನ ಬಾಗಿಲಲ್ಲೇ ನಿಂತಿದ್ದಾನೆ. ಹಮೀದಾಕ ಒಂದಿಷ್ಟೂ ಅಳುಕದೆ, "ಇದು ಫಸ್ಟ್ ಕೋಟು, ಹೀಗೇ ಇರ್ಬೇಕು, ನಾಳೆ ಬನ್ನಿ" ಎಂದು ಕಳಿಸಿಬಿಟ್ಟರು. ಆಮೇಲೆ ಅದನ್ನೆಲ್ಲ ತಿಕ್ಕಿ ತೆಗೆಯುವಾಗ ಅವರು ತಮ್ಮನ್ನೇ ಬೈದುಕೊಂಡ ರೀತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಕೆಲಸದ ರೀತಿಯೇ ಬದಲಾಯಿತು. ದೋಹಾದಲ್ಲಿ ಎತ್ತ ನೋಡಿದರೂ ಕ್ರೇನು, ರಸ್ತೆ ತುಂಬ ಹೊಸ ಕಾರು. ನೆಗ್ಗಿದ ಮಡ್‌ಗಾರ್ಡನ್ನು ಬಡಿಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಬಿಚ್ಚು, ಬಿಸಾಡು, ಡಬ್ಬದಿಂದ ಹೊಸದು ತೆಗೆದು ಹಾಕು. ಬಣ್ಣವನ್ನು ಕೂಡ ಕಂಪ್ಯೂಟರೇ ಬೆರೆಸಿ ಕೊಡುತ್ತಿತ್ತು. ನಾನು ಡೆಂಟರ್ ಹೋಗಿ ಬೋಲ್ಟು ತಿರುಗಿಸುವವನಾದೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಬೆಳಿಗ್ಗೆ ಏಳುವುದೆಂದರೆ ಸಂಕಟ. ಕೈ ಇದ್ದೂ ಇಲ್ಲದ ಹಾಗಾಗಿತ್ತು.

ಅಂಥ ಹೊತ್ತಿನಲ್ಲಿ ಪೊರ್ಬುಗಳು ಗರಾಜಿನ ಅರ್ಬಾಬನನ್ನು, ಅಂದರೆ ನಮ್ಮ ಧಣಿಯನ್ನು, ಹೇಗೋ ಒಪ್ಪಿಸಿ ಹಿಂದುಗಡೆಯ ಶೆಡ್ಡನ್ನು ಹಳೆಯ ಕಾರುಗಳಿಗೆಂದು ಬಿಡಿಸಿಕೊಂಡರು. ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಆಗ ಅಲ್ಲಿ ಶುರುವಾಗಿತ್ತು. ಧಣಿಯ ಮಾತು ಸ್ಪಷ್ಟವಾಗಿತ್ತು: ಒಂದು ಕಾರು ಮಾಡಿ ತೋರಿಸಿ. ಅದು ಮಾರಿ ಹೋದರೆ ಶೆಡ್ಡು ನಿಮ್ಮದು. ಹೋಗದಿದ್ದರೆ ಖಲಾಸ್, ಅಲ್ಲಿ ಕಾರಿನ ಗ್ಲಾಸಿಗೆ ಕಪ್ಪು ಫಿಲ್ಮ್ ಅಂಟಿಸುವ ಅಂಗಡಿ. ಹಮೀದಾಕ ಮತ್ತು ನಾನು ಮತ್ತೆ ಡಬ್ಬ ಒಡೆಯುವ ಕೆಲಸಕ್ಕೆ.

ಆ ಒಂದು ಕಾರು ಬಂದದ್ದು ಅಲ್ ರಯ್ಯಾನಿನ ಬೂ ಜಾಸಿಮ್ ಎಂಬವರ ಮನೆಯಿಂದ. ಅವರ ಕಾಂಪೌಂಡಿನ ಮೂಲೆಯಲ್ಲಿ ಟಾರ್ಪಾಲು ಎಳೆದಾಗ ನನ್ನ ಮೈ ಜುಮ್ಮೆಂದಿತು. ಎರಡೇ ಬಾಗಿಲಿನ ಮಸಲ್ ಕಾರು, ಉದ್ದನೆಯ ಬೋನೆಟ್ಟು, ಹಿಂದಕ್ಕೆ ಜಾರಿದ ಬೆನ್ನು, ಒಳಗೆ ಎಂಟು ಸಿಲಿಂಡರಿನ ಇಂಜಿನ್ನು. ತುಕ್ಕು ತಿಂದಿತ್ತು, ಚಕ್ರಗಳು ನೆಲಕ್ಕೆ ಕೂತಿದ್ದವು. ಆದರೆ ಅಂಗೈ ಇಟ್ಟು ನೋಡಿದೆ, ತಗಡು ಗಟ್ಟಿ! ಈಗಿನ ಎರಡು ಕಾರಿನ ತಗಡು ಸೇರಿಸಿದರೂ ಅಷ್ಟು ದಪ್ಪವಾಗುವುದಿಲ್ಲ. ಬೂ ಜಾಸಿಮ್ ಅದನ್ನು ಪ್ರಾಯದಲ್ಲಿ ಹೊಸದಾಗಿಯೇ ತಂದವರು. "ನಿಂತ ಕಾರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನನಗೆ ಓಡಿಸಲು ಬೆನ್ನು ಬಿಡುವುದಿಲ್ಲ, ಮಕ್ಕಳಿಗೆ ಬೇಡ. ಸರಿ ಮಾಡಿ, ಓಡಿಸುವವನಿಗೆ ಮಾರಿ" ಎಂದರು.

ಆ ತಿಂಗಳುಗಳ ಖುಷಿಯನ್ನು ಹೇಗೆ ಹೇಳಲಿ! ಇಂಜಿನ್ನು ಬೇರೆ ಕಡೆ ರಿಪೇರಿಗೆ ಹೋಯಿತು, ಮೈಯೆಲ್ಲ ನನ್ನ ಪಾಲಿಗೆ ಬಂತು. ಒಂದು ಚಮಚ ಪುಟ್ಟಿ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ತುಕ್ಕು ಹಿಡಿದಷ್ಟನ್ನು ಕತ್ತರಿಸಿ, ಅದೇ ದಪ್ಪದ ತಗಡು ಹುಡುಕಿ ಬೆಸೆದು, ಕಾಯಿಸಿ, ಒದ್ದೆ ಬಟ್ಟೆ ಒತ್ತಿ, ಬಡಿದು, ಕೈ ಎಳೆದು, ಮತ್ತೆ ಬಡಿದು. ಹಮೀದಾಕ ಹಿಂದಿನ ಸೀಟಿನ ಅಡಿಯಲ್ಲಿ ಬಿಸಿಲು ಕಾಣದ ಹಳೆಯ ಬಣ್ಣ ಕಂಡುಹಿಡಿದರು. ಕಡು ಹಸಿರು. ಕಂಪ್ಯೂಟರನ್ನು ಪಕ್ಕಕ್ಕೆ ತಳ್ಳಿ, ಸಂಜೆ ಬಿಸಿಲಿನಲ್ಲಿ ನಿಂತು ಕಣ್ಣಂದಾಜಿನಲ್ಲೇ ಬೆರೆಸಿದರು. ರೂಮಿಗೆ ಹೋದ ಮೇಲೂ ನಮ್ಮದು ಅದೇ ಮಾತು. ಗಂಜಿ ಉಣ್ಣುವಾಗಲೂ ಬಟ್ಟಲಿನ ಅಂಚು ಸವರಿ ನೋಡುತ್ತಿದ್ದೆ ಎಂದು ಹಮೀದಾಕ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಜಾಗ ಮಾತ್ರ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಸ್ಟಿಯರಿಂಗ್ ಎಡಗಡೆ ಇದ್ದ ಆ ಕಾರಿನಲ್ಲಿ ಡ್ರೈವರನ ಬಲಕ್ಕೆ ಕೂರುವವರ ಬಾಗಿಲು. ಅದರ ಹಿಂದಿನ ಅಂಚಿನ ಗ್ಯಾಪು ಮೇಲೆ ಉಗುರು ತೂರದಷ್ಟು ಬಿಗಿ, ಕೆಳಗೆ ಕಿರುಬೆರಳು ಹೋಗುವಷ್ಟು ಅಗಲ. ಬಾಗಿಲು ಹಿಂದುಗಡೆ ಜೋತು ಬಿದ್ದಿತ್ತು. ಯಾವ ಕಾಲದಲ್ಲೋ ಎಲ್ಲೋ ಗುದ್ದಿದ್ದಾರೆ, ಯಾರೋ ಅರೆಬೆಂದ ಡೆಂಟರ್ ಕೈ ಹಾಕಿ ಹಾಗೇ ಬಿಟ್ಟಿದ್ದಾನೆ ಎಂದುಕೊಂಡೆ. ಬಿಡುತ್ತೇನೆಯೇ ನಾನು? ಬಾಗಿಲು ತಿರುಗುವ ಹಿಂಜಿನ ಜಾಗ ಬದಲಿಸಿ, ಅದರ ಅಡಿಗೆ ತೆಳು ತಗಡಿನ ಪ್ಯಾಕಿಂಗ್ ಕೊಟ್ಟು ಬಾಗಿಲು ಎತ್ತಿದೆ. ಅಂಚನ್ನು ಬಡಿದು ಬಡಿದು ಹೊರಗೆ ತಂದೆ. ಮುಗಿದಾಗ ಮೇಲಿನಿಂದ ಕೆಳಗಿನವರೆಗೆ ಗ್ಯಾಪು ನೂಲು ಹಿಡಿದ ಹಾಗೆ. ಪೊರ್ಬುಗಳು ಟ್ಯೂಬ್‌ಲೈಟು ಹಿಡಿದು ಹಿಂದೆ ಮುಂದೆ ನಡೆದರು. ಹೋಗಿ ತಾವೇ ಕಡಕ್ ಚಾ ತಂದು ನನ್ನ ಕೈಗೆ ಕೊಟ್ಟರು. ಅಂಥದ್ದು ಅದಕ್ಕೂ ಮೊದಲು ನಡೆದದ್ದಿಲ್ಲ, ಆಮೇಲೂ ನಡೆಯಲಿಲ್ಲ.

ಮಾರಾಟಕ್ಕಿದೆ ಎಂದು ಸುದ್ದಿ ಹರಡಿದ್ದೇ ನೋಡಲು ಬಂದವರಿಗೆ ಲೆಕ್ಕವಿಲ್ಲ. ಒಬ್ಬ ಬಂದು ಬಣ್ಣ ಕೆಂಪು ಮಾಡಿಕೊಡುತ್ತೀರಾ ಎಂದ. ಹಮೀದಾಕ ಅವನನ್ನು ನೋಡಿದ ನೋಟಕ್ಕೆ ಅವನು ಚಾ ಕೂಡ ಕುಡಿಯದೆ ಹೋದ. ಇನ್ನೊಬ್ಬ ಮನೆಮಂದಿಯನ್ನೆಲ್ಲ ಕರೆತಂದು ಫೋಟೋ ತೆಗೆಸಿಕೊಂಡು, ಮಾಶಾ ಅಲ್ಲಾ ಎಂದು ಹೊಗಳಿ, ಗಾಡಿ ಹತ್ತಿ ನಡೆದ. ಕೊಳ್ಳುವವರು ಮಾತ್ರ ಬರಲಿಲ್ಲ. ಫಿಲ್ಮ್ ಅಂಟಿಸುವವನು ಶೆಡ್ಡಿನ ಅಳತೆ ತೆಗೆದುಕೊಂಡು ಹೋದ ದಿನ ನನಗೆ ಮಂಡೆ ಬೆಚ್ಚವಾಯಿತು.

ಕೊನೆಗೆ ಬಂದರು ಬೂ ಸಾಲೆಹ್. ಕುವೈತಿನವರು, ಮದುವೆಯೊಂದಕ್ಕೆಂದು ದೋಹಾಕ್ಕೆ ಬಂದಿದ್ದವರು. ಇದೇ ಮಾದರಿಯ ಕಾರು ಎರಡು ಅವರಲ್ಲಿ ಆಗಲೇ ಇದ್ದವಂತೆ. ಸಂಜೆಯ ಅಸರ್ ನಮಾಜು ಮುಗಿಸಿ ಶೆಡ್ಡಿಗೆ ಬಂದವರು ಮೊದಲು ಕಾರಿಗೆ ಒಂದು ಸುತ್ತು ಹಾಕಿದರು. ಜೇಬಿನಿಂದ ಕರವಸ್ತ್ರ ತೆಗೆದರು, ಅದರೊಳಗೆ ಒಂದು ಅಯಸ್ಕಾಂತ. ಪುಟ್ಟಿ ಇದ್ದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಮಡ್‌ಗಾರ್ಡಿಗೆ ಇಟ್ಟರು, ಹಿಡಿಯಿತು. ಡಿಕ್ಕಿಗೆ ಇಟ್ಟರು, ಹಿಡಿಯಿತು. ಇಟ್ಟಲ್ಲೆಲ್ಲ ಟಕ್ ಟಕ್ ಎಂದು ಕಚ್ಚಿಕೊಳ್ಳುತ್ತಿದ್ದರೆ ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಮಾರಾಟಕ್ಕೆಂದು ಬಂದಿದ್ದ ಬೂ ಜಾಸಿಮ್ ಮೀಸೆಯಲ್ಲೇ ನಗುತ್ತಿದ್ದರು. ಹಮೀದಾಕ ನನ್ನ ಪಕ್ಕೆಗೆ ತಿವಿದು, "ಆಯ್ತು, ಶೆಡ್ಡು ನಮ್ಮದೇ" ಎಂದರು.

ಬೂ ಸಾಲೆಹ್ ಬಲಗಡೆಯ ಬಾಗಿಲ ಹತ್ತಿರ ನಿಂತವರು ಅಲುಗಾಡಲಿಲ್ಲ. ಟಾರ್ಚು ಹಾಕಿದರು. ಬಾಗಿ ನೋಡಿದರು. ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, "ಹಾದಾ ಮು ಅಸ್ಲಿ" ಎಂದರು. ಇದು ಅಸಲಿ ಅಲ್ಲ!

ಆಮೇಲೆ ಅರಬ್ಬಿ, ಹಿಂದಿ, ಇಂಗ್ಲಿಷು ಬೆರೆಸಿ ಅವರು ಹೇಳಿದ್ದು ಇಷ್ಟು. ಈ ಮಾದರಿಯಲ್ಲಿ ತಾನು ನೋಡಿದ ಪ್ರತಿಯೊಂದು ಕಾರಿಗೂ ಈ ಬಾಗಿಲು ಸೊಟ್ಟ. ಗುದ್ದಿ ಆದದ್ದಲ್ಲ, ಹುಟ್ಟುವಾಗಲೇ ಹಾಗೆ. ಅವಸರದಲ್ಲಿ ಜೋಡಿಸಿ ಕಳಿಸುತ್ತಿದ್ದ ಕಾಲ ಅದು. ತನ್ನ ಎರಡೂ ಕಾರಿನಲ್ಲಿ ಗ್ಯಾಪು ಮೇಲೆ ಬಿಗಿ, ಕೆಳಗೆ ಅಗಲ. ಇಷ್ಟು ನೆಟ್ಟಗಿದೆ ಎಂದರೆ ಇದು ಹಳೆಯ ಮೈಯೇ ಅಲ್ಲ. ಈಗಿನ ಕಾಲದಲ್ಲಿ ಮಾಡಿದ ಹೊಸ ಮೈ ತರಿಸಿ, ಹಳೆಯ ನಂಬರು ಪಟ್ಟಿ ಅಂಟಿಸಿದ್ದಾರೆ.

ಬೂ ಜಾಸಿಮರ ಮುಖ ಕಪ್ಪಿಟ್ಟಿತು. ಕಾರು ಹೋಗದಿದ್ದರೆ ಹೋಗಲಿ, ನಾಳೆ ನಾಲ್ಕು ಜನ ಸೇರುವ ಮಜ್ಲಿಸಿನಲ್ಲಿ ಕೂತಾಗ ಸುಳ್ಳು ಕಾರು ಮಾರಲು ಹೊರಟವನು ಎಂಬ ಮಾತು ಬಂದರೆ? ನನಗಂತೂ ರಕ್ತ ಕುದಿಯಿತು. ಕೆಲಸ ಕೆಟ್ಟಿದೆ ಎಂದು ಬೈಸಿಕೊಂಡದ್ದು ಗೊತ್ತು. ಕೆಲಸ ಚೆನ್ನಾಗಿದೆ ಎಂದು ಕಳ್ಳನೆನಿಸಿಕೊಂಡದ್ದು ಅದೇ ಮೊದಲು!

ಹೊರಟ ಬೂ ಸಾಲೆಹರ ಎದುರಿಗೆ ಹೋಗಿ ನಿಂತುಬಿಟ್ಟೆ. "ಅರ್ಬಾಬ್, ಅದನ್ನು ನೆಟ್ಟಗೆ ಮಾಡಿದ್ದು ನಾನು. ಈ ಕೈ!" ಎಂದು ಹಿಂದಿಯಲ್ಲಿ ಕೂಗಿದೆ.

"ಕಾರ್ಖಾನೆಯವರು ಮಾಡದ್ದನ್ನು ನೀನು ಸುತ್ತಿಗೆಯಲ್ಲಿ ಮಾಡಿದೆಯಾ?" ಬೂ ಸಾಲೆಹ್ ನಕ್ಕರು.

"ಮಾಡಿದೆ."

"ಹಾಗಾದರೆ ವಾಪಸ್ ಮಾಡು. ನಾನು ಇಲ್ಲೇ ಕೂರುತ್ತೇನೆ. ಯಲ್ಲಾ, ಶುರು ಮಾಡು!" ಕುರ್ಚಿ ಎಳೆದು ಕೂತೇಬಿಟ್ಟರು.

ಅಷ್ಟರಲ್ಲಿ ಬೂ ಜಾಸಿಮ್ ಎಲ್ಲಿಗೆಂದು ಹೇಳದೆ ತಮ್ಮ ಗಾಡಿ ಹತ್ತಿ ಭರ್ರನೆ ಹೋದರು. ಸಿಟ್ಟಿನಲ್ಲಿ ಮನೆಗೇ ಹೋದರು ಎಂದುಕೊಂಡೆವು. ಪೊರ್ಬುಗಳು ಟ್ಯೂಬ್‌ಲೈಟು ಹಚ್ಚಿ ನನ್ನ ಪಕ್ಕ ನಿಂತರು. "ಬಿಚ್ಚು ಮಾರಾಯ. ಹೆದರ್ಬೇಡ, ತಗಡು ಅಸಲಿ ಉಂಟು, ಅದೇ ಮಾತಾಡ್ಲಿ."

ಹಿಂಜಿನ ಬೋಲ್ಟು ಸಡಿಲಿಸಿ ಪ್ಯಾಕಿಂಗ್ ಎಳೆದೆ. ಬಾಗಿಲು ಭಾರಕ್ಕೆ ತಾನಾಗಿಯೇ ಕೆಳಗೆ ಜಾರಿ ಒಂದು ಕಡೆ ಗಕ್ಕನೆ ಕೂತಿತು. ನೋಡಿದರೆ ಬಾಗಿಲು ತೂಗುವ ಕಂಬದ ತಗಡಿನಲ್ಲಿ, ಹೊಸ ಬಣ್ಣದ ಅಡಿಯಲ್ಲೂ ಕಾಣುವ ಹಾಗೆ, ಹಿಂಜು ಅಷ್ಟು ವರ್ಷ ಒತ್ತಿ ಕೂತಿದ್ದ ಹಳೆಯ ಅಚ್ಚು! ಹಿಂಜು ಸರಿಯಾಗಿ ಅದರೊಳಕ್ಕೇ ಬಂದು ಕೂತಿತ್ತು. "ನೋಡಿ, ನೋಡಿ!" ಎಂದು ಕಿರುಚಿದೆ. ಬೂ ಸಾಲೆಹ್ ಕುರ್ಚಿಯಿಂದ ಎದ್ದು ಬಂದು ಟಾರ್ಚು ಬಿಟ್ಟರು. ಹೊಸ ಮೈಯಲ್ಲಿ ಆ ಅಚ್ಚು ಎಲ್ಲಿಂದ ಬರಬೇಕು? ಅವರು ಹೂಂ ಅನ್ನಲಿಲ್ಲ, ಆದರೆ ವಾಪಸ್ ಹೋಗಿ ಕೂರಲೂ ಇಲ್ಲ.

ಆದರೂ ಗ್ಯಾಪು ಪೂರ್ತಿ ಮೊದಲಿನ ಹಾಗಾಗಲಿಲ್ಲ. ಬಾಗಿಲಿನ ಅಂಚನ್ನು ನಾನೇ ಬಡಿದು ಹೊರಗೆ ತಂದಿದ್ದೆನಲ್ಲ, ಅದನ್ನು ಒಳಗೆ ಕಳಿಸಬೇಕಿತ್ತು. ಹಮೀದಾಕ ಬಣ್ಣ ಸಿಡಿಯದಿರಲೆಂದು ಬಿಸಿಗಾಳಿ ಬಿಡುತ್ತಾ ನಿಂತರು, ಅವರ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ನಾನು ಬಡಿದೆ. ಕೈ ಎಳೆದು ನೋಡಿದರೆ ಮತ್ತೆ ನೆಟ್ಟಗೆ! ಕೆಡಿಸಲೆಂದು ಸುತ್ತಿಗೆ ಎತ್ತುತ್ತೇನೆ, ಕೈ ತನ್ನಷ್ಟಕ್ಕೆ ಸರಿ ಮಾಡಿಬಿಡುತ್ತದೆ.

"ಇನ್ನೂ ಚಂದ ಉಂಟು. ಕೆಡಿಸು!" ಎಂದರು ಪೊರ್ಬುಗಳು.

"ಆಗುವುದಿಲ್ಲ ಪೊರ್ಬುಗಳೇ, ಕೈ ಕೇಳುವುದಿಲ್ಲ."

"ಇಷ್ಟು ವರ್ಷ ನಾನು ಬೈದದ್ದೆಲ್ಲ ಈಗ ವಾಪಸ್ ತಗೊಳ್ತೇನೆ, ಒಮ್ಮೆ ಕೆಟ್ಟದಾಗಿ ಬಡಿ!"

ಎಷ್ಟು ಸೊಟ್ಟ ಇತ್ತೆಂದು ನನಗಾದರೂ ಹೇಗೆ ನೆನಪಿರಬೇಕು? ಅಷ್ಟರಲ್ಲಿ ಬೂ ಜಾಸಿಮರ ಗಾಡಿ ಶೆಡ್ಡಿನ ಬಾಗಿಲಿಗೇ ಬಂದು ನಿಂತಿತು. ಹಿಂದಿನ ಸೀಟಿನಿಂದ ಅವರ ಕೈ ಹಿಡಿದುಕೊಂಡು ತುಂಬ ವಯಸ್ಸಾದ ಅವರ ತಾಯಿ ಇಳಿದರು. ಕಪ್ಪು ಅಬಾಯ, ಮುಖಕ್ಕೆ ಹಳೆಯ ಕಾಲದ ಬತ್ತೂಲಾ ಎಂಬ ಮುಖವಾಡ, ಕೈಯಲ್ಲಿ ಕೋಲು. ಬೂ ಸಾಲೆಹ್ ಸಲಾಂ ಹೇಳಿ, ತಲೆ ತಗ್ಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

"ಈ ಬಾಗಿಲ ಬದಿಯಲ್ಲಿ ಕೂತು ಅವಳು ಸುತ್ತದ ಊರಿಲ್ಲ. ಇದು ಹೇಗಿತ್ತೆಂದು ಅವಳನ್ನೇ ಕೇಳುವ" ಎಂದರು ಬೂ ಜಾಸಿಮ್. "ಯುಮ್ಮಾ, ಕೂತುಕೋ."

ತಾಯಿ ಕೂತರು. ಕಾರಿನ ಹೊಸ ಬಣ್ಣ, ಹೊಸ ಸೀಟು ಯಾವುದನ್ನೂ ನೋಡಲಿಲ್ಲ. ಮುಂದೆ ನೋಡುತ್ತಲೇ ಬಲಗೈಯಿಂದ ಬಾಗಿಲು ಎಳೆದರು. ಅದು ಸುಮ್ಮನೆ ಮುಚ್ಚಿಕೊಂಡಿತು. "ಲಾ" ಎಂದರು, ಹೀಗಲ್ಲ ಎಂದು.

ನನಗೆ ಹುರುಪು ಬಂತು. ಅವರು ಇಳಿದು ನಿಂತರು, ನಾನು ಬಡಿದೆ. ಮತ್ತೆ ಕೂತು ಎಳೆದರು. "ಲಾ, ಲಾ. ಇದು ಎತ್ತಿದರೆ ಮಾತ್ರ ಮುಚ್ಚುತ್ತಿತ್ತು." ನನ್ನ ಕೈಯನ್ನು ಬೈದುಕೊಳ್ಳುತ್ತಾ ಮತ್ತೆ ಬಡಿದೆ. ಈ ಸಲ ಕಣ್ಣು ಮುಚ್ಚಿ, ಊರಿನಲ್ಲಿ ಕೆಲಸ ಕಲಿಯುವಾಗ ಹೇಗೆ ಅಡ್ಡಾದಿಡ್ಡಿ ಬಡಿಯುತ್ತಿದ್ದೆನೋ ಹಾಗೆ. ಹಮೀದಾಕ "ಅಲ್ಲಾ" ಎಂದು ಮುಖ ತಿರುಗಿಸಿದರು.

ತಾಯಿ ಕೂತು ಬಾಗಿಲು ಎಳೆದರು. ಅರ್ಧಕ್ಕೆ ನಿಂತಿತು. ಅವರ ಕೈ ಯೋಚಿಸಲಿಲ್ಲ. ಹಿಡಿಕೆಯನ್ನು ಒಂಚೂರು ಮೇಲಕ್ಕೆತ್ತಿ, ಬಲವಾಗಿ ಒಂದು ಎಳೆತ. ಧಪ್! ಕೂಡಲೇ ಅವರ ಇನ್ನೊಂದು ಕೈ ತಾನಾಗಿ ಅಬಾಯದ ಅಂಚನ್ನು ಬಾಗಿಲ ಬದಿಯಿಂದ ಒಳಗೆ ಎಳೆದುಕೊಂಡಿತು, ಕೆಳಗಿನ ಗ್ಯಾಪಿನಿಂದ ಮರಳು ಬಂದು ಬೀಳದ ಹಾಗೆ. ಆ ಕೈ ಅಷ್ಟು ವರ್ಷಗಳ ಮೇಲೆ ಅದನ್ನು ಮರೆತಿರಲಿಲ್ಲ.

ಮೊದಲು ನಕ್ಕದ್ದು ಬೂ ಸಾಲೆಹ್. ತಾಯಿ ಇಳಿದು ಬದಿಗೆ ಹೋದ ಮೇಲೆ ಬಂದು ಗ್ಯಾಪಿನಲ್ಲಿ ಕಿರುಬೆರಳು ಇಟ್ಟು ನೋಡಿ, "ನಮ್ಮ ಮನೆಯಲ್ಲೂ ಹೀಗೇ ಎತ್ತಿ ಹಾಕುತ್ತಾರೆ, ಮರಳಿಗೆ ಹೀಗೇ ಬಟ್ಟೆ ಎಳೆದುಕೊಳ್ಳುತ್ತಾರೆ" ಎಂದರು. ಬೂ ಜಾಸಿಮರ ಹತ್ತಿರ ಹೋಗಿ, ಅನುಮಾನ ಪಟ್ಟದ್ದಕ್ಕೆ ಕ್ಷಮೆ ಕೇಳಿ, ಮೂಗಿಗೆ ಮೂಗು ತಾಗಿಸಿ, ಕೈ ಹಿಡಿದರು. "ಕಾರು ನನ್ನದು. ಮಬ್ರೂಕ್, ಶುಭವಾಗಲಿ!"

ಆಮೇಲಿನ ಗದ್ದಲ ನೀವು ನೋಡಬೇಕಿತ್ತು. ಹಮೀದಾಕ ಬಿಸಿಗಾಳಿ ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ತಬ್ಬಿ ನನ್ನ ಬೆನ್ನು ಸುಟ್ಟರು. ಪೊರ್ಬುಗಳು ಧಣಿಗೆ ಫೋನು ಹಚ್ಚಿ ನಮಗೆಲ್ಲ ಕೇಳುವ ಹಾಗೆ, "ಫಿಲ್ಮ್ ಅಂಟಿಸುವವನಿಗೆ ಬೇರೆ ಜಾಗ ನೋಡ್ಲಿಕ್ಕೆ ಹೇಳಿ" ಎಂದು ಹಿಂದಿಯಲ್ಲಿ ಕೂಗಿದರು. ನನಗೆ ಅಳು ಬಂತು. ಬಂದದ್ದು ಬಂತು, ಮುಚ್ಚಿಕೊಳ್ಳಲಿಲ್ಲ. ನಾಳೆಯಿಂದ ಮತ್ತೆ ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿದೆ ಎಂಬ ಸಂತೋಷ ಅದು. ಆ ಶೆಡ್ಡಿನಲ್ಲಿ ನಾನು ನಿವೃತ್ತನಾಗುವವರೆಗೂ ಬಡಿದೆ. ಯಾವ ಹಳೆಯ ಕಾರು ಬಂದರೂ, ಸರಿ ಮಾಡಬೇಕೋ, ಇದ್ದ ಹಾಗೆ ಮಾಡಬೇಕೋ ಎಂದು ಮೊದಲು ಕೇಳಿಕೊಳ್ಳುತ್ತಿದ್ದೆ. ನೀವೂ ಕೇಳಿಕೊಳ್ಳಿ.

ಆ ಸಂಜೆ ಗಾಡಿ ಹತ್ತುವ ಮೊದಲು ತಾಯಿ ಕೋಲು ಎತ್ತಿ ನನ್ನನ್ನು ಹತ್ತಿರ ಕರೆದರು. ನಾನು ಬೂ ಸಾಲೆಹರೊಡನೆ ಅರಚಿದ್ದು ಏನೆಂದು ಮಗನಿಂದ ಅವರಿಗೆ ಆಗಷ್ಟೇ ಗೊತ್ತಾಗಿತ್ತು.

"ಈ ಬಾಗಿಲನ್ನು ನೆಟ್ಟಗೆ ಮಾಡಿದವನು ನೀನಾ?"

"ಹೌದು ಯುಮ್ಮಾ."

"ಮರಳು ಬರದ ಹಾಗೆ?"

"ಹೌದು."

"ಆಮೇಲೆ ಇವರ ಮಾತು ಕೇಳಿ ಮತ್ತೆ ಸೊಟ್ಟ ಮಾಡಿದೆಯಾ?" ಎಂದು ಬೂ ಸಾಲೆಹ್ ಮತ್ತು ತಮ್ಮ ಮಗ ನಿಂತಿದ್ದ ಕಡೆ ಕೋಲು ತೋರಿಸಿದರು. "ಹುಚ್ಚರು! ನನ್ನ ಆಯುಷ್ಯವೆಲ್ಲ ಆ ಮೂಲೆಯ ಮರಳು ಗುಡಿಸುವುದರಲ್ಲೇ ಹೋಯಿತು. ಇಷ್ಟು ವರ್ಷ ನೀನು ಎಲ್ಲಿದ್ದೆ?"